ಪಾವಗಡ: ತನ್ನ ಜಿಲ್ಲೆಗೆ ಹೋಗಲು ಪಕ್ಕದ ರಾಜ್ಯ ದಾಟುವ ತಾಲ್ಲೂಕು

ತುಮಕೂರಿನಿಂದ ಪಾವಗಡಕ್ಕೆ ಸುಮಾರು 100 ಕಿ.ಮೀ. ಕೊರಟಗೆರೆ, ಮಧುಗಿರಿ, ಮಿಡಿಗೇಶಿ ದಾಟಿದ ಬಸ್ಸು ಸ್ವಲ್ಪ ಹೊತ್ತಿಗೆ ಆಂಧ್ರಪ್ರದೇಶದ ಮಡಕಶಿರಾ ಸೀಮೆಗೆ ಹೊಕ್ಕುತ್ತದೆ. ಅಂಗಡಿ ಬೋರ್ಡು ತೆಲುಗಿಗೆ ತಿರುಗುತ್ತದೆ, ಗೋಡೆ ಮೇಲಿನ ಪಕ್ಷದ ಚಿಹ್ನೆ ಬದಲಾಗುತ್ತದೆ. ಮತ್ತೆ ಸ್ವಲ್ಪ ದೂರ ಹೋದರೆ ಕನ್ನಡದ ಬೋರ್ಡು, ಕರ್ನಾಟಕದ ಮೈಲಿಗಲ್ಲು, ಪಾವಗಡದ ಬೆಟ್ಟ. ಹೊಲ ಮಾತ್ರ ಎಲ್ಲೂ ಬದಲಾಗುವುದಿಲ್ಲ. ಆ ಕಡೆಯೂ ಕಡ್ಲೆಕಾಯಿ, ಈ ಕಡೆಯೂ ಕಡ್ಲೆಕಾಯಿ. ಆ ಕಡೆಯೂ ಕೆಂಪು ಮಣ್ಣು, ಬಂಡೆಗುಡ್ಡ, ಜಾಲಿ.

ಕರ್ನಾಟಕದ ನಕ್ಷೆಯಲ್ಲಿ ಪಾವಗಡ ಪೂರ್ವಕ್ಕೆ ಚಾಚಿಕೊಂಡಿದೆ, ಆಂಧ್ರದ ನಕ್ಷೆಯಲ್ಲಿ ಮಡಕಶಿರಾ ಪಶ್ಚಿಮಕ್ಕೆ ಚಾಚಿಕೊಂಡಿದೆ. ಎರಡೂ ಒಂದರ ಪಕ್ಕೆಯೊಳಗೆ ಒಂದು ಹೊಕ್ಕು ಕೂತಿವೆ. ಪಾವಗಡಕ್ಕೆ ಮೂರು ದಿಕ್ಕಿನಲ್ಲಿ ಆಂಧ್ರ: ಉತ್ತರಕ್ಕೆ ಕಲ್ಯಾಣದುರ್ಗದ ಕಡೆ, ಪೂರ್ವಕ್ಕೆ ಪೆನುಕೊಂಡದ ಕಡೆ, ದಕ್ಷಿಣಕ್ಕೆ ಮಡಕಶಿರಾ. ಕರ್ನಾಟಕದ ನೆಲಕ್ಕೆ ಅಂಟಿಕೊಂಡಿರುವುದು ಪಶ್ಚಿಮದಲ್ಲಿ, ಅದೂ ಚಿತ್ರದುರ್ಗ ಜಿಲ್ಲೆಯ ಕಡೆಗೆ. ಹಿಂದೆ ಈ ತಾಲ್ಲೂಕು ಇದ್ದದ್ದೂ ಆ ಜಿಲ್ಲೆಯಲ್ಲೇ. ಈಗ ಜಿಲ್ಲಾಧಿಕಾರಿ ತುಮಕೂರಿನಲ್ಲಿ, ಉಪವಿಭಾಗಾಧಿಕಾರಿ ಮಧುಗಿರಿಯಲ್ಲಿ, ಶಾಲೆಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ, ಲೋಕಸಭೆಗೆ ವೋಟು ಚಿತ್ರದುರ್ಗ ಕ್ಷೇತ್ರಕ್ಕೆ. ಶಿರಾ ಮತ್ತು ಪಾವಗಡದ ಮತದಾರರು ತುಮಕೂರು ಜಿಲ್ಲೆಯವರಾದರೂ ತುಮಕೂರಿನ ಸಂಸದರನ್ನು ಆರಿಸುವುದಿಲ್ಲ.

ಗಡಿನಾಡಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಯ ಜನರ ಗುರುತಿನಲ್ಲೇ ಏನೋ ಗೊಂದಲ ಇದೆ ಎಂದು ಶುರು ಮಾಡುತ್ತಾರೆ: ಇವರು ಕನ್ನಡದವರೋ ತೆಲುಗಿನವರೋ, ಮನಸ್ಸು ಯಾವ ಕಡೆಗೆ, ಹೀಗೆ. ಪಾವಗಡದ ಪ್ರಕರಣ ನೋಡಿದಷ್ಟೂ ನನಗೆ ತೋರುವುದು ಬೇರೆ. ತಾವು ಯಾರು ಎಂಬುದು ಇಲ್ಲಿಯ ಜನಕ್ಕೆ ಸ್ಪಷ್ಟವಾಗಿಯೇ ಗೊತ್ತಿದೆ. ಗೊಂದಲ ಹುಟ್ಟುವುದು ಕಚೇರಿಯ ಕಿಟಕಿಯಲ್ಲಿ, ಅರ್ಜಿಯ ಕಾಲಮ್ಮಿನಲ್ಲಿ, ಬಸ್ಸಿನ ರೂಟಿನಲ್ಲಿ, ನೀರಿನ ಪೈಪಿನಲ್ಲಿ.

ಗೆರೆ ಎಲ್ಲಿಂದ ಬಂತು

ಈ ಗಡಿಯನ್ನು 1956ರ ರಾಜ್ಯ ಪುನರ್ವಿಂಗಡಣೆ ಎಳೆದದ್ದು ಎಂದು ಹಲವರು ನಂಬಿದ್ದಾರೆ. ಅದು ಅದಕ್ಕಿಂತ ಒಂದೂವರೆ ಶತಮಾನ ಹಳೆಯದು. 1799ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಸತ್ತ ಮೇಲೆ ಅವನ ರಾಜ್ಯವನ್ನು ಈಸ್ಟ್ ಇಂಡಿಯಾ ಕಂಪನಿ ಮತ್ತು ಹೈದರಾಬಾದಿನ ನಿಜಾಮ ಹಂಚಿಕೊಂಡು ಉಳಿದದ್ದನ್ನು ಮೈಸೂರಿನ ಒಡೆಯರಿಗೆ ಕೊಟ್ಟರು. ನಿಜಾಮ ಮರುವರ್ಷವೇ, 1800ರಲ್ಲಿ, ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನೆಲ್ಲ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದದ್ದು ಈ ಬಿಟ್ಟುಕೊಟ್ಟ ಜಿಲ್ಲೆಗಳಿಗೇ. ಮಡಕಶಿರಾ, ಪೆನುಕೊಂಡ, ಹಿಂದೂಪುರ ಮದರಾಸಿನ ಪಾಲಾದವು, ಪಾವಗಡ ಮೈಸೂರಿನಲ್ಲಿ ಉಳಿಯಿತು. ಆಗ ಯಾರು ಯಾವ ಮಾತು ಆಡುತ್ತಾರೆಂದು ಯಾರೂ ಕೇಳಲಿಲ್ಲ. ಯುದ್ಧ ಗೆದ್ದವರು ಆದಾಯದ ಲೆಕ್ಕ ಹಾಕಿ ಪಾಲು ಮಾಡಿಕೊಂಡರು, ಅಷ್ಟೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಜಗ್ಗಾಟವೆಲ್ಲ ಬಳ್ಳಾರಿಯ ಮೇಲೆ ನಡೆಯಿತು. ಅಲ್ಲಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ಮಡಕಶಿರಾ–ಪಾವಗಡದ ನಡುವಿನ ಗೆರೆಯನ್ನು ಯಾರೂ ಮುಟ್ಟಲಿಲ್ಲ. 1956ರಲ್ಲೂ ಅದು ಹಾಗೇ ಉಳಿಯಿತು. ಭಾಷೆಯ ಆಧಾರದ ಮೇಲೆ ರಾಜ್ಯಗಳಾದವು ಎಂದು ಪಠ್ಯಪುಸ್ತಕದಲ್ಲಿ ಓದುವ ಪಾವಗಡದ ಮಗು ಮನೆಯಲ್ಲಿ ತೆಲುಗು ಆಡುತ್ತಿರುತ್ತದೆ. ಗೆರೆಯಾಚೆ ರೊಳ್ಳ, ಅಗಳಿ, ಅಮರಾಪುರದ ಮಗು ಮನೆಯಲ್ಲಿ ಕನ್ನಡ ಆಡುತ್ತಿರುತ್ತದೆ. 2022ರಲ್ಲಿ ಅನಂತಪುರ ಜಿಲ್ಲೆಯನ್ನು ಒಡೆದು ಪುಟ್ಟಪರ್ತಿ ಕೇಂದ್ರವಾಗಿ ಶ್ರೀ ಸತ್ಯಸಾಯಿ ಜಿಲ್ಲೆ ಮಾಡಿದರು. ಮಡಕಶಿರಾ, ಹಿಂದೂಪುರ, ಪೆನುಕೊಂಡ ಅದರೊಳಗೆ ಸೇರಿದವು. ಪಾವಗಡದವರಿಗೆ ನೆರೆ ಜಿಲ್ಲೆಯ ಹೆಸರು ಬದಲಾಯಿತು, ಮತ್ತೇನೂ ಬದಲಾಗಲಿಲ್ಲ.

ಗೆರೆಗಿಂತ ಹಿಂದಿನದನ್ನು ನೋಡಿದರೆ ಈ ನೆಲ ಯಾವುದಕ್ಕೂ ಅಂಚಾಗಿರಲಿಲ್ಲ. ಈ ಸೀಮೆಯನ್ನು ಆಳಿದ ನೊಳಂಬ ಅರಸರ ರಾಜಧಾನಿ ಹೆಂಜೇರು. ಇವತ್ತಿನ ಹೇಮಾವತಿ, ಮಡಕಶಿರಾದ ಕಡೆಯ ಅಮರಾಪುರಕ್ಕೆ ಹತ್ತಿರ, ಕರ್ನಾಟಕದ ಗಡಿಗೆ ಕೂಗಳತೆಯಲ್ಲಿದೆ. ನೊಳಂಬವಾಡಿ 32000 ಎಂದು ಶಾಸನಗಳು ಕರೆಯುವ ನಾಡಿನ ನಡುಮನೆ ಅದು. ಅಲ್ಲಿಯ ಶಾಸನಗಳು ಕನ್ನಡದವು. ಅಲ್ಲಿಯ ಕಂಬಗಳ ಕೆತ್ತನೆ ನೋಡಬೇಕು. ಬಯಲುಸೀಮೆಯಲ್ಲಿ ಏನಿದೆ ಎಂದು ಕೇಳುವವರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನಿಸುತ್ತದೆ. ಆಮೇಲೆ ಬಂದ ನಿಡುಗಲ್ಲಿನ ಚೋಳರು ತಮ್ಮನ್ನು ಕರಿಕಾಲ ಚೋಳನ ವಂಶದವರೆಂದು ಕರೆದುಕೊಂಡು, ಕನ್ನಡದಲ್ಲಿ ಶಾಸನ ಬರೆಸಿ, ಈಗ ಎರಡು ರಾಜ್ಯಗಳಲ್ಲಿ ಹಂಚಿಹೋಗಿರುವ ಊರುಗಳನ್ನು ಆಳಿದರು. ಅವರ ನಿಡುಗಲ್ಲು ದುರ್ಗ ಪಾವಗಡ ತಾಲ್ಲೂಕಿನಲ್ಲಿದೆ, ಒಂದು ಹೋಬಳಿಗೆ ಅದೇ ಹೆಸರು. ಪೂರ್ವಕ್ಕೆ ಪೆನುಕೊಂಡ: 1565ರ ಯುದ್ಧದಲ್ಲಿ ಹಂಪಿ ಹಾಳಾದ ಮೇಲೆ ವಿಜಯನಗರದ ಅರಸರು ಬಂದು ಕೂತ ಊರು. ನೊಳಂಬರ ರಾಜಧಾನಿ ಒಂದು ಕಡೆ, ವಿಜಯನಗರದ ಎರಡನೇ ರಾಜಧಾನಿ ಇನ್ನೊಂದು ಕಡೆ ಇರುವ ನೆಲವನ್ನು ಮೂಲೆ ಎಂದು ಕರೆಯುವುದು ಬೆಂಗಳೂರಿನಿಂದ ಅಳತೆ ಮಾಡಿದಾಗ ಮಾತ್ರ ಸಾಧ್ಯ.

ಮನೆಮಾತು, ಸಂತೆಮಾತು, ಶಾಲೆಮಾತು

ಪಾವಗಡದ ಸಂತೆಯಲ್ಲಿ ಒಬ್ಬರು ತೆಲುಗಿನಲ್ಲಿ ಕೇಳುತ್ತಾರೆ, ಇನ್ನೊಬ್ಬರು ಕನ್ನಡದಲ್ಲಿ ಉತ್ತರ ಕೊಡುತ್ತಾರೆ. ಇಬ್ಬರೂ ಮಾತು ಬದಲಾಯಿಸುವುದಿಲ್ಲ, ಬದಲಾಯಿಸಬೇಕೆಂದು ಅವರಿಗೆ ಹೊಳೆಯುವುದೂ ಇಲ್ಲ. ಶನಿಮಹಾತ್ಮನ ಗುಡಿಗೆ ಶನಿವಾರ ಬರುವ ಭಕ್ತರಲ್ಲಿ ಎರಡೂ ರಾಜ್ಯದವರು ಇರುತ್ತಾರೆ. ನಾಗಲಮಡಿಕೆಯ ಸುಬ್ರಹ್ಮಣ್ಯನದೂ ಅದೇ ಕಥೆ. ಕುಕ್ಕೆ ಆದಿ, ಘಾಟಿ ಮಧ್ಯ, ನಾಗಲಮಡಿಕೆ ಅಂತ್ಯ ಎಂಬ ನಂಬಿಕೆಯಲ್ಲಿ ಪಶ್ಚಿಮಘಟ್ಟದಿಂದ ಪಿನಾಕಿನಿಯ ದಂಡೆಯವರೆಗೆ ಒಂದೇ ಯಾತ್ರೆ ಹರಡಿದೆ. ವೈ.ಎನ್. ಹೊಸಕೋಟೆಯಲ್ಲಿ ರೇಷ್ಮೆ ಸೀರೆ ನೇಯುವವರಿಗೆ ಆಂಧ್ರದ ಧರ್ಮಾವರಂ ಮಗ್ಗದವರು ಬಂಧುಗಳೂ ಹೌದು, ಪೈಪೋಟಿಯವರೂ ಹೌದು.

ಕಷ್ಟ ಇರುವುದು ಒಂದನೇ ತರಗತಿಯಲ್ಲಿ. ಮನೆಯಲ್ಲಿ ತೆಲುಗನ್ನಷ್ಟೇ ಕೇಳಿ ಬೆಳೆದ ಮಗು ಕನ್ನಡ ಮಾಧ್ಯಮದ ಶಾಲೆಗೆ ಬರುತ್ತದೆ. ಒಳ್ಳೆಯ ಮೇಷ್ಟ್ರು ಸಿಕ್ಕರೆ ಎರಡು ಮಾತಿನಲ್ಲೂ ಹೇಳಿ ಕೈ ಹಿಡಿದು ನಡೆಸುತ್ತಾರೆ. ದೂರದ ಜಿಲ್ಲೆಯಿಂದ ವರ್ಗವಾಗಿ ಬಂದ, ತೆಲುಗಿನ ಗಂಧವಿಲ್ಲದ ಮೇಷ್ಟ್ರಾದರೆ ಮಗು ಮೊದಲ ವರ್ಷ ಸುಮ್ಮನೆ ಕೂತಿರುತ್ತದೆ. ಈ ತಾಲ್ಲೂಕಿಗೆ ನೇಮಕ ಮಾಡುವಾಗ ಎರಡೂ ಮಾತು ಬಲ್ಲವರಿಗೆ ಆದ್ಯತೆ ಕೊಡುವುದು ಕನ್ನಡಕ್ಕೆ ಮಾಡುವ ಸೇವೆಯೇ. ತೆಲುಗಿನ ಮೂಲಕ ಕನ್ನಡಕ್ಕೆ ಬಂದ ಮಗು ಕನ್ನಡವನ್ನು ಬಿಡುವುದಿಲ್ಲ. ಪಾವಗಡದಲ್ಲಿ ಹಾಗೆ ಬಂದವರೇ ಮುಂದೆ ಕನ್ನಡ ಮೇಷ್ಟ್ರಾಗಿದ್ದಾರೆ, ಪತ್ರಕರ್ತರಾಗಿದ್ದಾರೆ.

ಗೆರೆಯಾಚೆ ಆಂಧ್ರ ಸರ್ಕಾರ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತದೆ. ಅಲ್ಲಿಯ ಕನ್ನಡ ಮಕ್ಕಳಿಗೆ ನಮ್ಮ ವೃತ್ತಿಶಿಕ್ಷಣ ಕೋರ್ಸುಗಳಲ್ಲಿ ಗಡಿನಾಡ ಕನ್ನಡಿಗರೆಂಬ ಅವಕಾಶ ಇದೆ. ಮಡಕಶಿರಾ, ರಾಯದುರ್ಗ, ಆದೋನಿ, ಆಲೂರು ಆ ಪಟ್ಟಿಯಲ್ಲಿವೆ. ಕನ್ನಡದ ನೆಲ ರಾಜ್ಯದ ಗೆರೆಗೆ ನಿಲ್ಲುವುದಿಲ್ಲ ಎಂದು ಸರ್ಕಾರವೇ ಒಪ್ಪಿದೆ. ಆ ಒಪ್ಪಿಗೆ ಕಾಲೇಜಿನ ಸೀಟಿನಿಂದ ಮುಂದೆ ಹೋಗಿಲ್ಲ ಎಂಬುದು ನನ್ನ ತಕರಾರು.

ಒಂದೇ ಮನೆಯಲ್ಲಿ ಎರಡು ಪಟ್ಟಿ

ಈ ಪ್ರಕರಣದಲ್ಲಿ ಅತಿ ಕಡಿಮೆ ಚರ್ಚೆಯಾಗಿರುವ, ಅತಿ ಹೆಚ್ಚು ಜನರನ್ನು ಮುಟ್ಟುವ ವಿಷಯ ಜಾತಿ ಪ್ರಮಾಣಪತ್ರದ್ದು. ಸಂವಿಧಾನದ 341 ಮತ್ತು 342ನೇ ವಿಧಿಗಳ ಪ್ರಕಾರ ಪರಿಶಿಷ್ಟ ಜಾತಿ, ಪಂಗಡಗಳ ಪಟ್ಟಿ ರಾಜ್ಯ ರಾಜ್ಯಕ್ಕೂ ಬೇರೆ. ಮೈಸೂರು ಜಿಲ್ಲೆಯ ನಡುವೆ ಇರುವವರಿಗೆ ಇದು ಕಾನೂನಿನ ವಿವರ. ಪಾವಗಡದಲ್ಲಿ ಅದು ಅಡುಗೆಮನೆಯೊಳಗೆ ಬಂದು ಕೂರುತ್ತದೆ.

ಕರ್ನಾಟಕದಲ್ಲಿ ನಾಯಕ, ವಾಲ್ಮೀಕಿ, ಬೇಡ ಸಮುದಾಯ ಪರಿಶಿಷ್ಟ ಪಂಗಡ. 1991ರ ತಿದ್ದುಪಡಿಯಿಂದ ಈ ಹೆಸರುಗಳೆಲ್ಲ ಪಟ್ಟಿಗೆ ಬಂದವು. ಆಂಧ್ರದಲ್ಲಿ ಅದೇ ಜನ ಬೋಯ, ವಾಲ್ಮೀಕಿ ಎಂಬ ಹೆಸರಿನಲ್ಲಿದ್ದಾರೆ. ಏಜೆನ್ಸಿ ಎಂದು ಕರೆಯುವ ಗುಡ್ಡಗಾಡಿನ ಬುಡಕಟ್ಟು ಪ್ರದೇಶ ಬಿಟ್ಟರೆ ಅನಂತಪುರದ ಸೀಮೆಯಲ್ಲಿ ಅವರು ಹಿಂದುಳಿದ ವರ್ಗದ ‘ಎ’ ಗುಂಪಿನಲ್ಲಿದ್ದಾರೆ. ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಆಂಧ್ರ ವಿಧಾನಸಭೆ ನಿರ್ಣಯ ಮಾಡಿಯೂ ಪಟ್ಟಿ ಬದಲಾಗಿಲ್ಲ. ಲಂಬಾಣಿಗಳದು ಇನ್ನೊಂದು ಬಗೆ: ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಆಂಧ್ರದಲ್ಲಿ ಸುಗಾಲಿ, ಲಂಬಾಡಿ ಹೆಸರಿನಲ್ಲಿ ಪರಿಶಿಷ್ಟ ಪಂಗಡ. ಭೋವಿಗಳು ಇಲ್ಲಿ ಪರಿಶಿಷ್ಟ ಜಾತಿ, ಅಲ್ಲಿ ವಡ್ಡೆರರೆಂದು ಹಿಂದುಳಿದ ವರ್ಗ. ಕೊರಮ, ಕೊರಚರು ಇಲ್ಲಿ ಪರಿಶಿಷ್ಟ ಜಾತಿ, ಅಲ್ಲಿ ಎರುಕುಲರು ಪರಿಶಿಷ್ಟ ಪಂಗಡ. ಕುಲದೇವರು ಒಂದು, ಬೆಡಗು ಒಂದು, ಹೆಣ್ಣು ಕೊಟ್ಟು ತರುವುದು ತಲೆತಲಾಂತರದಿಂದ. ಗೆರೆಯ ಈಚೆ ಆಚೆ ಸರ್ಕಾರದ ಕಣ್ಣಿಗೆ ಅವರು ಬೇರೆ ಬೇರೆ ಜನ.

ಒಂದು ರಾಜ್ಯದ ಪಟ್ಟಿಯಲ್ಲಿದ್ದವರು ಇನ್ನೊಂದು ರಾಜ್ಯಕ್ಕೆ ಬಂದರೆ ಅಲ್ಲಿಯ ಸೌಲಭ್ಯ ತಾನಾಗಿ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟು 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿತು. ಮದುವೆಯಿಂದ ಜಾತಿಯ ಸ್ಥಾನಮಾನ ಬರುವುದಿಲ್ಲ, ಹುಟ್ಟಿನಿಂದ ಮಾತ್ರ ಎಂಬುದೂ ಗಟ್ಟಿಯಾದ ನಿಯಮ. ಎರಡನ್ನೂ ಸೇರಿಸಿ ಪಾವಗಡದ ಒಂದು ಮನೆಗೆ ಹಾಕಿ ನೋಡಿ. ಮಡಕಶಿರಾ ಕಡೆಯ ಬೋಯರ ಹುಡುಗಿ ಪಾವಗಡದ ನಾಯಕರ ಮನೆಗೆ ಸೊಸೆಯಾಗಿ ಬರುತ್ತಾಳೆ. ತವರಿಗೂ ಗಂಡನ ಮನೆಗೂ ನಡುವೆ ಕೆಲವೇ ಮೈಲಿ. ಅವಳ ಗಂಡ ಎಸ್‌ಟಿ. ತಂದೆಯ ಕಡೆಯಿಂದ ಅವಳ ಮಕ್ಕಳೂ ಎಸ್‌ಟಿ. ಅವಳು ಮಾತ್ರ ಅಲ್ಲ. ಗ್ರಾಮ ಪಂಚಾಯಿತಿಯಲ್ಲಿ ಪರಿಶಿಷ್ಟ ಪಂಗಡದ ಮಹಿಳೆಗೆ ಮೀಸಲಾದ ಸ್ಥಾನ ಬಂದರೆ ಊರಿನಲ್ಲಿ ಓದು ಬಲ್ಲ, ಮಾತು ಬಲ್ಲ ಸೊಸೆ ನಿಲ್ಲುವಂತಿಲ್ಲ. ಲಂಬಾಣಿ ತಾಂಡಾಕ್ಕೆ ಆ ಕಡೆಯಿಂದ ಬಂದ ಸೊಸೆಗೆ ತವರಿನ ಎಸ್‌ಟಿ ಇಲ್ಲಿ ನಡೆಯುವುದಿಲ್ಲ, ಇಲ್ಲಿಯ ಎಸ್‌ಸಿ ಪ್ರಮಾಣಪತ್ರ ಸಿಗುವುದೂ ಸುಲಭವಲ್ಲ. ಭಾರ ಬೀಳುವುದು ಯಾವಾಗಲೂ ಹೆಣ್ಣುಮಕ್ಕಳ ಮೇಲೆ, ಯಾಕೆಂದರೆ ಗಡಿ ದಾಟಿ ಬಂದು ನೆಲೆಸುವವರು ಅವರೇ.

ಈ ನಿಯಮಗಳು ಯಾಕೆ ಬಂದವು ಎಂಬುದು ಗೊತ್ತಿಲ್ಲದೆ ನಾನು ಮಾತಾಡುತ್ತಿಲ್ಲ. ದೂರದ ರಾಜ್ಯದಿಂದ ಸುಳ್ಳು ಕಾಗದ ತಂದು ಇಲ್ಲಿಯ ಬಡವರ ಪಾಲು ಕಬಳಿಸುವುದನ್ನು ತಡೆಯಲೇಬೇಕು. ಆದರೆ ಸಂಸತ್ತು ಪಟ್ಟಿಗಳನ್ನು ತಿದ್ದುವಾಗ ಗಡಿಯ ಎರಡೂ ಬದಿ ಹರಡಿರುವ ಒಂದೇ ಸಮುದಾಯವನ್ನು ಒಟ್ಟಿಗೆ ಇಟ್ಟು ನೋಡಬಹುದು. ಅಲ್ಲಿಯವರೆಗೆ ಕನಿಷ್ಠ ತಾಲ್ಲೂಕು ಕಚೇರಿಗೆ ಅಲೆಯುವ ಹೆಣ್ಣುಮಗಳಿಗೆ ಮೊದಲ ದಿನವೇ ಸರಿಯಾದ ಉತ್ತರ ಸಿಗಬೇಕು. ‘ಮುಂದಿನ ವಾರ ಬನ್ನಿ’ ಎನ್ನುತ್ತ ತಿಂಗಳುಗಟ್ಟಲೆ ತಿರುಗಿಸಿ ಕೊನೆಗೆ ಆಗುವುದಿಲ್ಲ ಅನ್ನುವುದು ಕಾನೂನಿಗಿಂತ ಹೆಚ್ಚು ನೋವು ಕೊಡುತ್ತದೆ.

ಆಸ್ಪತ್ರೆಯ ದಾರಿ

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂದಾಗ ರಾಜ್ಯಗಳ ನಡುವೆ ತಡೆ ಬಿತ್ತು. ಉಳಿದ ತಾಲ್ಲೂಕಿನವರಿಗೆ ಅಂತರರಾಜ್ಯ ಪ್ರಯಾಣ ಎಂದರೆ ದೂರದ ಮಾತು. ಪಾವಗಡದವರಿಗೆ ಸ್ವಂತ ಜಿಲ್ಲಾಸ್ಪತ್ರೆಯ ನೇರ ದಾರಿಯೇ ಅಂತರರಾಜ್ಯ ಪ್ರಯಾಣ. ಚಿತ್ರದುರ್ಗದ ಕಡೆಯಿಂದ ಸುತ್ತಿ ಹೋಗುವುದಾದರೆ ದಾರಿ ಬಹಳ ಉದ್ದ. ಮಾಮೂಲಿ ದಿನಗಳಲ್ಲಿ ಜನ ತುಮಕೂರಿಗಿಂತ ಹತ್ತಿರದ ಹಿಂದೂಪುರಕ್ಕೂ, ದೊಡ್ಡ ಕಾಯಿಲೆಯಾದರೆ 1991ರಿಂದ ಉಚಿತ ಚಿಕಿತ್ಸೆ ಕೊಡುತ್ತಿರುವ ಪುಟ್ಟಪರ್ತಿಯ ಆಸ್ಪತ್ರೆಗೂ ಹೋಗುತ್ತಾರೆ. ಪಾವಗಡದಲ್ಲೇ ರಾಮಕೃಷ್ಣ ಸೇವಾಶ್ರಮ ಕ್ಷಯ, ಕುಷ್ಠ, ಕಣ್ಣಿನ ಕಾಯಿಲೆಗಳಿಗೆ ಮಾಡಿರುವ ಕೆಲಸ ದೊಡ್ಡದು. ಅಲ್ಲಿಗೆ ಬರುವ ರೋಗಿಗಳೂ ಎರಡು ರಾಜ್ಯದವರು.

ನೀರು, ಬಿಸಿಲು

ಉತ್ತರ ಪಿನಾಕಿನಿ ನಂದಿಬೆಟ್ಟದ ಕಡೆ ಹುಟ್ಟಿ ಗೌರಿಬಿದನೂರು ದಾಟಿ ಹಿಂದೂಪುರದ ಹತ್ತಿರ ಆಂಧ್ರಕ್ಕೆ ಹೋಗಿ, ನಾಗಲಮಡಿಕೆಯಲ್ಲಿ ಮತ್ತೆ ಕರ್ನಾಟಕಕ್ಕೆ ಬಂದು, ಪುನಃ ಆಂಧ್ರ ಸೇರಿ ನೆಲ್ಲೂರಿನ ಕಡೆ ಸಮುದ್ರಕ್ಕೆ ಇಳಿಯುತ್ತದೆ. 1892ರ ಮೈಸೂರು–ಮದರಾಸು ಒಪ್ಪಂದದಲ್ಲಿ ಹೆಸರಿಸಿದ ನದಿಗಳಲ್ಲಿ ಇದೂ ಒಂದು. ಮದರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಇದರ ಮೇಲೆ ಹೊಸ ಜಲಾಶಯ ಕಟ್ಟುವಂತಿರಲಿಲ್ಲ. ಈಗ ಒಪ್ಪಂದದ ಮಾತೇಕೆ, ನದಿಯಲ್ಲಿ ಮರಳಿದೆ, ವರ್ಷದ ಬಹುಪಾಲು ನೀರಿಲ್ಲ.

ನೀರಿಲ್ಲದ್ದಕ್ಕೆ ಬೋರು ಕೊರೆದರು. ಬೋರು ಆಳಕ್ಕೆ ಹೋದಂತೆ ಕಲ್ಲಿನೊಳಗಿನ ಫ್ಲೋರೈಡ್ ನೀರಿಗೆ ಬಂತು. ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಹಳ್ಳಿಗಳಲ್ಲಿ ಮಕ್ಕಳ ಹಲ್ಲು ಕಂದಿತು, ದೊಡ್ಡವರ ಮೂಳೆ, ಕೀಲು ಬಿಗಿಯಿತು. ತುಂಗಭದ್ರಾ ಹಿನ್ನೀರನ್ನು ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆಯ ಜೊತೆಗೆ ಪಾವಗಡಕ್ಕೂ ಪೈಪಿನಲ್ಲಿ ತರುವ ಯೋಜನೆಗಾಗಿ ಜನ ಬೀದಿಗಿಳಿದು ಹೋರಾಡಿದ್ದು ಇದಕ್ಕೇ. ಆಂಧ್ರದ ಬದಿಯಲ್ಲಿ ಹಂದ್ರಿ-ನೀವಾ ಯೋಜನೆಯ ಮಡಕಶಿರಾ ಶಾಖಾ ಕಾಲುವೆ ಶ್ರೀಶೈಲದ ಹಿನ್ನೀರಿನಿಂದ ಕೃಷ್ಣೆಯನ್ನು ಎತ್ತಿ ತರುತ್ತದೆ. ತುಂಗಭದ್ರೆ ಕೃಷ್ಣೆಗೆ ಸೇರುವುದು ಶ್ರೀಶೈಲಕ್ಕೆ ಮೇಲೆಯೇ. ಒಂದೇ ಕೊಳ್ಳದ ನೀರು ನೂರಾರು ಕಿ.ಮೀ. ದೂರದಿಂದ ಎರಡು ಬೇರೆ ದಾರಿಯಲ್ಲಿ ಏರಿ, ಒಂದೇ ಗೆರೆಯ ಎರಡು ಬದಿಗೆ ಬರುತ್ತದೆ. ಅಕ್ಕಪಕ್ಕದ ಕೆರೆಗಳ ಬಗ್ಗೆ ಎರಡು ಸರ್ಕಾರಗಳ ಎಂಜಿನಿಯರುಗಳು ಒಂದು ಮೇಜಿನ ಸುತ್ತ ಕೂರಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೇ?

ಮಳೆಯಿಲ್ಲದ ಆಕಾಶಕ್ಕೂ ಬೆಲೆ ಬಂದದ್ದು ಸೋಲಾರ್ ಪಾರ್ಕಿನಿಂದ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಫಲಕಗಳು ನಿಂತಿವೆ. 2018ರ ಮಾರ್ಚಿನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. ಭೂಮಿಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಕೆಲಸ ಎಂದೇ ನನ್ನ ಅಭಿಪ್ರಾಯ: ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ, ಪಹಣಿ ರೈತನ ಹೆಸರಿನಲ್ಲೇ. ಕಡ್ಲೆಕಾಯಿ ಹಾಕಿ ಬೀಜದ ದುಡ್ಡೂ ಹುಟ್ಟದ ವರ್ಷಗಳನ್ನು ಕಂಡವರಿಗೆ ಅದು ದೊಡ್ಡ ಆಸರೆ. ಹೊಲವೇ ಇಲ್ಲದೆ ಕಳೆ ಕೀಳಲು, ಕಾಯಿ ಬಿಡಿಸಲು ಹೋಗುತ್ತಿದ್ದವರಿಗೆ ಗುತ್ತಿಗೆಯ ಕಾಸು ಬರಲಿಲ್ಲ. ಕುರಿ ಮೇಯಿಸುವವರ ದಾರಿಗೆ ತಂತಿಬೇಲಿ ಬಂತು. ಅವರಲ್ಲಿ ಎಷ್ಟೋ ಮಂದಿಗೆ ಬೆಂಗಳೂರಿನ ಕಟ್ಟಡ ಕೆಲಸವೇ ಗತಿಯಾಯಿತು. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಳೆದ ನಂಜುಂಡಪ್ಪ ಸಮಿತಿ 2002ರಲ್ಲಿ ಅತಿ ಹಿಂದುಳಿದ ತಾಲ್ಲೂಕುಗಳಲ್ಲಿ ಪಾವಗಡವನ್ನು ಸೇರಿಸಿತ್ತು. ರಾಜ್ಯಕ್ಕೆ ಇಷ್ಟು ವಿದ್ಯುತ್ ಕೊಡುವ ನೆಲ ಆ ಪಟ್ಟಿಯಿಂದ ಹೊರಬರಬೇಕಾದರೆ ಭೂಮಿ ಇಲ್ಲದವರ ಕೂಲಿಯ ಲೆಕ್ಕವನ್ನೂ ಯಾರಾದರೂ ಇಡಬೇಕು.

ಹಳಿ

ತುಮಕೂರು–ರಾಯದುರ್ಗ ರೈಲು ಮಾರ್ಗ 2007-08ರ ರೈಲ್ವೆ ಬಜೆಟ್ಟಿನಲ್ಲಿ ಸೇರಿತು. ಕೊರಟಗೆರೆ, ಮಧುಗಿರಿ, ಪಾವಗಡ, ಕಲ್ಯಾಣದುರ್ಗ ದಾಟಿ ಹೋಗುವ 200 ಕಿ.ಮೀ.ಗೂ ಮಿಕ್ಕ ಈ ದಾರಿ ಎರಡೂ ರಾಜ್ಯಗಳ ನೆಲದಲ್ಲಿ ಹಾದುಹೋಗುತ್ತದೆ. ಬಸ್ಸಿಗೆ ರಾಜ್ಯದ ಗಡಿಯಲ್ಲಿ ಪರ್ಮಿಟ್ಟು, ತೆರಿಗೆ, ತಡೆ ಎಲ್ಲ ಇರಬಹುದು. ರೈಲಿಗೆ ಅವಿಲ್ಲ. ಒಂದೂವರೆ ದಶಕ ದಾಟಿಯೂ ಕೆಲಸ ಮುಗಿಯದ ಈ ಹಳಿ ಪೂರ್ತಿಯಾದರೆ ಪಾವಗಡದವರಿಗೆ ತಮ್ಮ ಜಿಲ್ಲಾ ಕೇಂದ್ರಕ್ಕೆ ಹೋಗಲು ಮೊದಲ ಬಾರಿಗೆ ಯಾರೂ ನಿಲ್ಲಿಸಿ ಕೇಳದ ದಾರಿ ಸಿಗುತ್ತದೆ. ಹೋರಾಟ ಮಾಡುತ್ತಿರುವವರು ಉದ್ಘಾಟನೆಯ ದಿನಾಂಕವನ್ನಷ್ಟೇ ಕೇಳಿದರೆ ಸಾಲದು. ಕಚೇರಿ ತೆರೆಯುವ ಹೊತ್ತಿಗೆ ತುಮಕೂರು ಮುಟ್ಟಿ ಸಂಜೆ ವಾಪಸು ಬರುವ ಒಂದು ಗಾಡಿ, ಸಂತೆಯ ದಿನಗಳಲ್ಲಿ ಕಲ್ಯಾಣದುರ್ಗದ ಕಡೆಯಿಂದ ಹೆಚ್ಚುವರಿ ಬೋಗಿ, ಶನಿವಾರ ಶನಿಮಹಾತ್ಮನಿಗೆ ಬರುವವರಿಗೆ ಬೆಳಗಿನ ಗಾಡಿ, ನಿಲ್ದಾಣದ ಬೋರ್ಡು ಮತ್ತು ಘೋಷಣೆ ಎರಡೂ ಭಾಷೆಯಲ್ಲಿ: ಇಷ್ಟನ್ನು ವೇಳಾಪಟ್ಟಿ ಬರೆಯುವ ಮುಂಚೆಯೇ ಎರಡೂ ರಾಜ್ಯದ ಸಂಸದರ ಮೂಲಕ ಬರಹದಲ್ಲಿ ಕೇಳಬೇಕು.